ಬಲಕ್ಕೆ ಬಿದ್ದ ಬಂಡೆ

ಅವರಿಬ್ಬರೂ ಫುತಾಮಿಯ ತೀರ ಮುಟ್ಟಿದಾಗ ಇನ್ನೂ ನಸುಕು. ಇಸೆ ಕ್ಷೇತ್ರದ ದೇವರನ್ನು ಕಾಣುವ ಮೊದಲು ಇಲ್ಲಿಯ ಕಡಲಲ್ಲಿ ಮುಳುಗಿ ಮೈ ಶುದ್ಧ ಮಾಡಿಕೊಳ್ಳಬೇಕು. ಐದನೇ ತಿಂಗಳಲ್ಲಿ ಬಂದವರಿಗೆ, ಹುಲ್ಲಿನ ಹಗ್ಗದಿಂದ ಬಿಗಿದ ಎರಡು ಬಂಡೆಗಳ ನಡುವೆ ಸೂರ್ಯ ಹುಟ್ಟುವುದನ್ನು ನೋಡುವ ಭಾಗ್ಯವೂ ಉಂಟು. ಎದೊ ಪಟ್ಟಣದ ಅವರ ಕೇರಿಯಲ್ಲಿ ವರ್ಷಕ್ಕೊಮ್ಮೆ ಚೀಟಿ ಎತ್ತಿ, ಎಲ್ಲರ ಪರವಾಗಿ ಇಬ್ಬರನ್ನು ಯಾತ್ರೆಗೆ ಕಳಿಸುವುದು ವಾಡಿಕೆ. ಈ ಸಲ ಚೀಟಿ ಬಂದದ್ದು ಅಚ್ಚಿನ ಹಲಗೆ ಕೆತ್ತುವ ತೊಕುಜಿಗೆ ಮತ್ತು ತೋಫು ಮಾರುವ ಮುದುಕಿ ಒತಾಮೆಗೆ. ಅವನಿಗೆ ಐವತ್ತೆರಡು, ಅವಳಿಗೆ ಎಪ್ಪತ್ತು ದಾಟಿತ್ತು.

ಹದಿನೆಂಟು ದಿನದ ಹಿಂದೆ, ಹೊರಡುವ ಬೆಳಿಗ್ಗೆ, ತೊಕುಜಿ ತಾನು ಕೆತ್ತಿದ ಫುತಾಮಿಯ ಚಿತ್ರದ ಒಂದು ಅಚ್ಚನ್ನು ಅವಳಿಗೆ ಕೊಟ್ಟಿದ್ದ. ಕಡಲು, ಬಂಡೆಗಳು, ನಡುವೆ ಸೂರ್ಯ. ತೀರದಲ್ಲಿ ನಮಗೆ ಬೆನ್ನು ಮಾಡಿ ನಿಂತ ಯಾತ್ರಿಕರು. ಅವರಲ್ಲಿ ಒಬ್ಬ ಮುದುಕಿ ಮಾತ್ರ ಕೋಲೂರಿ ಇತ್ತ ತಿರುಗಿ ನಗುತ್ತಿದ್ದಳು. ಇದು ನೀವೇ ಅಜ್ಜಿ ಎಂದು ತೊಕುಜಿ ತಮಾಷೆ ಮಾಡಿದ್ದ. ಒತಾಮೆ ಚಿತ್ರವನ್ನು ಬಹಳ ಹೊತ್ತು ನೋಡಿ, ಮಡಿಸಿ, ಎದೆಯೊಳಗೆ ಇಟ್ಟುಕೊಂಡಿದ್ದಳು. ಆಮೇಲೆ ಹೊರಗೆ ತೆಗೆಯಲೇ ಇಲ್ಲ. ಛತ್ರಗಳಲ್ಲಿ ಜೊತೆಗೆ ತಂಗಿದವರು ತೋರಿಸಿ ಎಂದು ಕೇಳಿದರೆ ಮಳೆ ಬರಬಹುದು, ಕೈ ಜಿಡ್ಡಾಗಿದೆ ಎಂದು ಏನೋ ಒಂದು ನೆಪ ಹೇಳುತ್ತಿದ್ದಳು. ತೊಕುಜಿಗೆ ಒಳಗೊಳಗೇ ನೋವಾಗಿತ್ತು. ನಲವತ್ತು ವರ್ಷ ಪಳಗಿದ ಕೈ ಅವನದು. ಚಿತ್ರದ ಮುದುಕಿಯ ಕೂದಲನ್ನು ಎಳೆಎಳೆಯಾಗಿ ಬಿಡಿಸಿದ್ದ.

ಮೂಡಲು ಬೆಳ್ಳಗಾಗುತ್ತ ಬಂಡೆಗಳು ಕಾಣತೊಡಗಿದವು. ದೊಡ್ಡದು ಎಡಕ್ಕಿತ್ತು, ಚಿಕ್ಕದು ಬಲಕ್ಕೆ.

ತೊಕುಜಿಯ ಚಿತ್ರದಲ್ಲಿ ದೊಡ್ಡದು ಬಲಕ್ಕಿತ್ತು.

ತಾನು ನಿಂತ ಜಾಗವೇ ತಪ್ಪೇನೋ ಎಂದುಕೊಂಡು, ಪಾಚಿ ಆಯುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದ. ಅವಳು ಬುಟ್ಟಿಯಿಂದ ತಲೆಯೆತ್ತದೆ ನಕ್ಕಳು. "ಬಂಡೆ ಏನು ತವರಿಗೆ ಹೋಗಿ ಬರ್ತವಾ? ನಮ್ಮಜ್ಜಿ ಕಾಲದಿಂದ್ಲೂ ದೊಡ್ಡದು ಎಡಕ್ಕೇ ಐತೆ."

ಆಗ ಅವನಿಗೆ ಎಲ್ಲವೂ ಹೊಳೆಯಿತು. ಚಿತ್ರ ಬರೆದ ಕಲಾವಿದ ತೀರಿಕೊಂಡಿದ್ದ; ಮೂಲ ಹಾಳೆ ಬೆಂಕಿಗೆ ಹೋಗಿತ್ತು; ಉಳಿದದ್ದು ಬಿರುಕುಬಿಟ್ಟ ಹಳೆಯ ಹಲಗೆಯೊಂದೇ. ಅದರಿಂದ ತೆಳುಕಾಗದಕ್ಕೆ ಒಂದು ಅಚ್ಚು ತೆಗೆದು, ಅದನ್ನು ಹೊಸ ಚೆರಿಮರದ ಹಲಗೆಗೆ ಅಂಟಿಸಿ ಕೆತ್ತಿದ್ದ. ಅಂಟಿಸುವಾಗ ಚಿತ್ರದ ಮುಖ ಹಲಗೆಯ ಕಡೆಗಿರಬೇಕು. ಆಗ ಕೆತ್ತನೆ ತಿರುಗುಮುರುಗಾಗಿ ಬರುತ್ತದೆ, ಅಚ್ಚು ನೆಟ್ಟಗೆ ಬೀಳುತ್ತದೆ. ಮಸಿ ಎರಡೂ ಬದಿಗೆ ಇಳಿದಿದ್ದ ಆ ಕಾಗದವನ್ನು ಅವನು ಮುಖ ಮೇಲಾಗಿ ಅಂಟಿಸಿದ್ದ. ತಿರುಗಿದೆಯೆಂದು ಎಚ್ಚರಿಸಲು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಜೀವಮಾನವಿಡೀ ತಿರುಗುಮುರುಗನ್ನೇ ನೋಡಿದ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಬಂಡೆ ಅದಲುಬದಲಾದರೆ ಎದೊದಲ್ಲಿ ಕೇಳುವವರಿಲ್ಲ. ಆದರೆ ಇತ್ತ ತಿರುಗಿ ನಗುವ ಮುದುಕಿ? ಅವಳ ನಿಲುವಂಗಿಯ ಮಡಿಕೆಯೂ ತಿರುಗಿರಬೇಕಲ್ಲ. ಬದುಕಿರುವವರು ಎಡ ಅಂಚನ್ನು ಬಲದ ಮೇಲೆ ತಂದು ಕಟ್ಟುತ್ತಾರೆ. ಬಲವನ್ನು ಎಡದ ಮೇಲೆ ತರುವುದು ಹೆಣಕ್ಕೆ ಮಾತ್ರ.

ಇದು ನೀವೇ ಅಜ್ಜಿ ಎಂದು ಹೇಳಿ, ಯಾತ್ರೆಗೆ ಹೊರಟ ಮುದುಕಿಯ ಕೈಗೆ ಅವನು ಹೆಣದ ಉಡುಗೆ ಕೊಟ್ಟಿದ್ದ.

ಹೇಳದೆ ಇದ್ದುಬಿಡಬಹುದಿತ್ತು. ದೇವರ ಎದುರು ಮೀಯಲು ಬಂದವನಿಗೆ ಅದು ಸಾಧ್ಯವಾಗಲಿಲ್ಲ. ಮರಳ ಮೇಲೆ ಅವಳ ಮುಂದೆ ಮಂಡಿಯೂರಿ, ನೆಲ ನೋಡುತ್ತ, ಕಾಗದ ಅಂಟಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ.

ಒತಾಮೆ ಹುಲ್ಲಿನ ಚಪ್ಪಲಿಯ ಗಂಟು ಬಿಚ್ಚುತ್ತಿದ್ದಳು. "ಗಂಡನ್ನ, ಎರಡು ಮಕ್ಕಳನ್ನ ಇದೇ ಕೈಲಿ ಮೀಯಿಸಿ ಉಡಿಸಿದೀನಿ ತೊಕುಜಿ. ಯಾವ ಅಂಚು ಯಾವುದರ ಮೇಲೆ ಬರತ್ತೆ ಅಂತ ನನಗೆ ಹೇಳಿಕೊಡ್ತೀಯಾ?"

"ಅವತ್ತೇ ಗೊತ್ತಾಯ್ತಾ ಅಜ್ಜಿ?"

"ನೀನು ಕೊಟ್ಟ ಗಳಿಗೇಲೇ."

"ಮತ್ತೆ ಯಾರಿಗೂ ತೋರಿಸ್ಲಿಲ್ಲ..."

"ತೋರಿಸಿದ್ರೆ ನಿನ್ನ ಮರ್ಯಾದೆ ಉಳೀತಿತ್ತಾ, ಪೆದ್ದ?"

ಚಿತ್ರ ಕೊಟ್ಟುಬಿಡಿ, ಇಲ್ಲೇ ಕಡಲಿಗೆ ಬಿಡುತ್ತೇನೆ ಎಂದು ಕೈ ಚಾಚಿದ. ಅವಳು ಕೊಡಲಿಲ್ಲ.

"ಮೊದಲೆರಡು ದಿನ ಹೆದರಿದ್ದು ನಿಜ. ಆಮೇಲೆ ಓಯಿ ಹೊಳೆ ಬಂತಲ್ಲ, ಆಳುಗಳು ಹೆಗಲ ಮೇಲೆ ಹೊತ್ತು ದಾಟಿಸಿದ್ರಲ್ಲ, ನೀರು ಅವರ ಎದೆ ಮುಟ್ತಿತ್ತು. ನೀನು ಕಣ್ಣು ಮುಚ್ಕೊಂಡಿದ್ದೆ. ನಾನು ಸುತ್ತ ನೋಡ್ತಾ ಕೂತಿದ್ದೆ. ಉಡಿಸಿ ಆಗಿದೆ, ಇನ್ನು ಹೆದರೋದು ಯಾತಕ್ಕೆ ಅನ್ನಿಸ್ತು. ಅಷ್ಟು ಚೆಂದದ ಹೊಳೆ ನಾನು ನೋಡೇ ಇರಲಿಲ್ಲ." ಎದೆಯೊಳಗಿಂದ ಮಡಿಸಿದ ಚಿತ್ರವನ್ನು ತೆಗೆದು ಚಪ್ಪಲಿಯ ಕೆಳಗೆ ಜೋಪಾನವಾಗಿ ಇಟ್ಟಳು. "ಊರಿಗೆ ಹೋಗಿ ಹಲಗೆ ತಿದ್ದು. ಇದು ಮಾತ್ರ ನಂದು."

ಅಷ್ಟರಲ್ಲಿ ತೀರದ ಗದ್ದಲ ತಾನಾಗಿ ನಿಂತಿತು. ಬಂಡೆಗಳ ನಡುವೆ, ಹಗ್ಗದ ಕೆಳಗೆ, ನೀರಿನ ಅಂಚು ಕೆಂಪಾಯಿತು. ಕೆಂಪು ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಗುತ್ತದೆಂದು ತೊಕುಜಿ ಕಸುಬಿನವನ ಕಣ್ಣಿನಿಂದ ಹುಡುಕಿದ. ಒಂದು ಬಣ್ಣಕ್ಕೆ ಒಂದು ಹಲಗೆ ಎಂದು ಬೇರ್ಪಡಿಸಿ ಬದುಕಿದವನಿಗೆ ಅಲ್ಲಿ ಗೆರೆ ಸಿಗಲಿಲ್ಲ. ಎದುರಿಗಿದ್ದ ಕಡಲು ಅವನ ಅಚ್ಚಿನಂತೆ ಇರಲಿಲ್ಲ. ಮನೆಯಲ್ಲಿ ಗೋಡೆಗೆ ಒರಗಿಸಿ ಬಂದಿದ್ದ ಹಲಗೆಯಂತೆಯೇ ಇತ್ತು, ಎಡದ ಬಂಡೆ ಎಡಕ್ಕೆ, ಬಲದ್ದು ಬಲಕ್ಕೆ. ಇದನ್ನು ಕೆತ್ತಿದ ಕೈ ಯಾವುದಿರಬಹುದು, ಇದರ ಅಚ್ಚು ಎಲ್ಲಿ ಯಾವ ಹಾಳೆಯ ಮೇಲೆ ಬೀಳುತ್ತಿರಬಹುದು ಎಂದು ಯೋಚಿಸಿದ. ತಾನು ಯಾವಾಗ ಕೈ ಮುಗಿದನೋ ಅವನಿಗೇ ತಿಳಿಯದು.

ಒತಾಮೆ ಆಗಲೇ ನೀರಿಗಿಳಿದಿದ್ದಳು. ಅವನು ಓಡಿಹೋಗಿ ಅವಳ ತೋಳು ಹಿಡಿದ. ನೀರು ಕೊರೆಯುತ್ತಿತ್ತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.

"ಸಾಕು ಅಜ್ಜಿ, ಇಲ್ಲೇ ಮುಳುಗಿ."

"ಇನ್ನೊಂದು ಹೆಜ್ಜೆ," ಎಂದಳು ಅವಳು, ಸೂರ್ಯನಿಂದ ಕಣ್ಣು ಕೀಳದೆ.

ಅವನೂ ಇನ್ನೊಂದು ಹೆಜ್ಜೆ ಇಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ.