ಸಾದಿಲ್ವಾರು ಸಾಮಾನು

"ನಿನ್ನ ಗಂಡ ನೌಕರನೇ ಅಲ್ಲ ಕಣೇ, ಸಾಮಾನು," ಎಂದ ಮ್ಯಾನೇಜರ್, ಮೂಗಿಗೆ ಕರವಸ್ತ್ರ ಒತ್ತಿಕೊಂಡು. "ದೂರ ನಿಂತು ಮಾತಾಡು."

ಗುಂಡಿಯಣ್ಣನ ಹೆಂಡತಿ ನಿಂತಿದ್ದದ್ದೇ ಬಾಗಿಲಾಚೆ. ಇನ್ನೆಷ್ಟು ದೂರ ಹೋಗಬೇಕೋ ತಿಳಿಯಲಿಲ್ಲ. ಹೋದ ತಿಂಗಳು ಇದೇ ಕಚೇರಿಯ ಕಕ್ಕಸು ಗುಂಡಿಗಿಳಿದ ಗಂಡ ಹೆಣವಾಗಿ ಮೇಲೆ ಬಂದಿದ್ದ. ಅವನ ಪೊರಕೆ ಮಾರನೇ ದಿನವೇ ಇವಳ ಕೈಗೆ ಬಂತು. ಈಗ ತಪಾಸಣೆಗೆ ಬರಲಿದ್ದ ಸಮಿತಿಯ ಶಾಸಕರು ಮಾಹಿತಿ ಕೇಳಿದ್ದರು: ಯಾವ ದರ್ಜೆಯ ನೌಕರರು ಎಷ್ಟು, ಸಂಬಳವೆಷ್ಟು, ಕೆಲಸದ ಮೇಲೆ ಸತ್ತವರೆಷ್ಟು? ಗಂಡನನ್ನು ನೌಕರನೆಂದು ಬರೆದರೆ ಅವರಿದ್ದ ಕಚೇರಿಯ ಹಿತ್ತಲ ಕೋಣೆ ಅವಳಿಗೂ ಮಗಳಿಗೂ ಉಳಿಯುತ್ತಿತ್ತು. ಇಲ್ಲವಾದರೆ ಸಂಜೆಗೆ ಬೀದಿ.

"ಹಂಗಾದ್ರೆ ನಮ್ಮ ಯಜಮಾನ್ರನ್ನ ಎಲ್ಲಿ ಬರ್ದಿದ್ದೀರಿ ಸ್ವಾಮಿ?"

"ಸಾದಿಲ್ವಾರಲ್ಲಿ, ಚಿಲ್ಲರೆ ಖರ್ಚಿನ ಲೆಕ್ಕದಲ್ಲಿ. ಪೊರಕೆ, ಫಿನಾಯಿಲು, ಬಲ್ಬು ತರೋ ಖರ್ಚಲ್ಲೇ ಅವನ ಕೂಲಿ ಹೋಗ್ತಿತ್ತು. ನಿಂದೂ ಅಲ್ಲೇ. ಬಲ್ಬು ಸುಟ್ಟುಹೋದ್ರೆ ಅದನ್ನೂ ಸತ್ತವರ ಲೆಕ್ಕಕ್ಕೆ ಹಾಕ್ಲಾ?"

ಗುಮಾಸ್ತರು ಕಿಸಕ್ಕನೆ ನಕ್ಕರು. ದಿನಾ ಗುಂಡಿಯಣ್ಣನ ಹತ್ತಿರ ಸಿಗರೇಟು ಕಾಡಿ ಸೇದುತ್ತಿದ್ದ ಜವಾನನೂ ನಕ್ಕ. ದರ್ಜೆಯೆಂದರೆ ಅಷ್ಟು ಸುಖ ನೋಡಿ, ಕೊನೆಯದಾದರೂ ಸರಿ.

"ಶಾಸಕರು ಬರೋ ಹೊತ್ತಾಯ್ತು. ಕಕ್ಕಸು ತೊಳ್ದು ಹಾಳಾಗ್ಹೋಗು. ಅವರ ಕಣ್ಣಿಗೆ ಬಿದ್ಯೋ, ಚರ್ಮ ಸುಲೀತೀನಿ ಬೋಸುಡಿ."

ಅವಳು ತೊಳೆದಳು. ಹೋಗಲಿಲ್ಲ. ಪೊರಕೆ, ಫಿನಾಯಿಲು ಡಬ್ಬಿ ತಂದು ಸಭೆಯ ಕೋಣೆಯ ಬಾಗಿಲಿಗೆ ಅಡ್ಡ ಇಟ್ಟು, ನಡುವೆ ತಾನೂ ಕುಕ್ಕರಿಸಿದಳು.

ಮೆಟ್ಟಿಲೇರಿ ಬಂದ ಶಾಸಕರು ಅಲ್ಲೇ ನಿಂತರು. "ಯಾರಮ್ಮ ನೀನು? ಯಾವ ದರ್ಜೆ?" ಎಂದರು ಮುಂದಿದ್ದವರು.

"ಸಾದಿಲ್ವಾರು ಸ್ವಾಮಿ. ಸಾಮಾನು."

ಅವರ ಹಿಂದೆ ಮ್ಯಾನೇಜರ್ ಬೆವೆತುಹೋದ. "ಏಳೇ ಮೇಲೆ."

"ಪೊರಕೆ ತಾನಾಗೇ ಎದ್ದು ಹೋಗುತ್ತಾ? ಸಾಮಾನನ್ನ ಎತ್ತಿಡ್ಬೇಕು. ಎತ್ತಿ."

ಮ್ಯಾನೇಜರ್ ಗುಮಾಸ್ತರನ್ನು ನೋಡಿದ. ಅವರು ಜವಾನನನ್ನು ನೋಡಿದರು. ಜವಾನ ಬಗ್ಗಿ ಪೊರಕೆ ಎತ್ತಿದ, ಡಬ್ಬಿ ಎತ್ತಿದ, ಗೋಡೆಗೆ ಒರಗಿಸಿದ. ಅವಳತ್ತ ಚಾಚಿದ ಕೈ ಮಾತ್ರ ಅರ್ಧಕ್ಕೇ ನಿಂತಿತು. ಮುಟ್ಟದ ಆ ಕೈಯನ್ನೇ ಪ್ಯಾಂಟಿಗೆ ಒರೆಸಿಕೊಂಡ.

"ನಮ್ಮ ಯಜಮಾನ್ರನ್ನೂ ಯಾರೂ ಮುಟ್ಲಿಲ್ಲ," ಎಂದಳು ಅವಳು. "ಹಗ್ಗ ಹಾಕಿ ಗುಂಡಿಯಿಂದ ನಾನೇ ಎಳ್ಕೊಂಡೆ."

ಅವಳು ಬಾಗಿಲಲ್ಲಿ ಕೂತೇ ಇದ್ದಳು. ದರ್ಜೆಯಿದ್ದವರೆಲ್ಲ ಬಾಗಿಲಾಚೆ ನಿಂತಿದ್ದರು.