ಅಕಿನ್ಯಿ ಹೇಳದೆ ಹೋದದ್ದು

ಪಕ್ಕದ ಹನ್ನೆರಡು ಮಹಡಿಯ ಫ್ಲ್ಯಾಟಿಗೆಂದು ರಸ್ತೆಯಲ್ಲೇ ಸುರಿದಿದ್ದ ಮರಳನ್ನು ಇಬ್ಬರು ಸಲಿಕೆಯಿಂದ ಬದಿಗೆ ಎಳೆಯುತ್ತಿದ್ದರು. ಅಲ್ಲಿಯವರೆಗೆ ಲವೀನಾ ಬಾಯಿಯ ಹೆಣವಿದ್ದ ವ್ಯಾನು ಎಂಜಿನ್ ಆರಿಸದೆ ತಿರುವಿನಲ್ಲಿ ನಿಂತಿತ್ತು. ಜುಲೈ ತಿಂಗಳ ನೈರೋಬಿಯ ಚಳಿ. ಕೆಲಸಗಾರರು ಮಂಕಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ ಮೇಲೆ ವ್ಯಾನು ನಿಧಾನವಾಗಿ ಗೇಟಿನೊಳಗೆ ಬಂತು.

ಹನ್ನೊಂದಕ್ಕೆ ಇಗರ್ಜಿಯಲ್ಲಿ ಪೂಜೆ. ಅದಕ್ಕೆ ಮೊದಲು ಒಂದು ಗಂಟೆ ಹೊತ್ತು ಮನೆಯಲ್ಲಿ. ಪೆಟ್ಟಿಗೆಯನ್ನು ಹಾಲಿನಲ್ಲಿಟ್ಟು ಮುಚ್ಚಳ ತೆಗೆದರು. ಮಗಳು ಸ್ವೀಡಲ್ ತಾಯಿಯ ಸೀರೆಯ ಸೆರಗನ್ನು ಸರಿಮಾಡಿದಳು. ಗಂಡ ಫ್ರಾನ್ಸಿಸ್, ಎಪ್ಪತ್ತಾರು ವರ್ಷದವರು, ಕಾಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಬಂದವರು ಸ್ವಾಹಿಲಿಯಲ್ಲಿ ‘ಪೋಲೆ ಸಾನ’, ತುಂಬಾ ಬೇಸರವಾಯಿತು, ಎಂದು ಕೈಹಿಡಿದರೆ ತಲೆಯಾಡಿಸುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಪಂಗಾನಿ ಬಡಾವಣೆಯ ಶಾಲೆಯಲ್ಲಿ ಎರಡನೇ ಕ್ಲಾಸಿನಲ್ಲಿ ಲವೀನಾ ಬಾಯಿಯಿಂದ ಓದು ಕಲಿತವರು. ಈಗ ಅವರಿಗೇ ತಲೆ ನರೆತಿತ್ತು.

ಮಹಡಿಯ ಮೇಲೆ ಬಾಡಿಗೆಗಿದ್ದ ವಸುಂಧರಾ ಚಹಾದ ಲೋಟ ಹಂಚುತ್ತಿದ್ದಳು. ಮೈಸೂರಿನವಳು; ವೆಸ್ಟ್‌ಲ್ಯಾಂಡ್ಸ್‌ನ ಒಂದು ಸಂಸ್ಥೆಯಲ್ಲಿ ಚುನಾವಣೆಯ ಅಂಕಿಅಂಶಗಳ ಕೆಲಸ. ಕಿಟಕಿಯಿಂದ ನೋಡಿದಾಗ ಗೇಟಿನ ಆಚೆ ಒಬ್ಬ ಹೆಂಗಸು ಕಂಡಳು. ಅರವತ್ತರ ಆಸುಪಾಸು, ತಲೆಗೆ ನೀಲಿ ವಸ್ತ್ರ. ಗೇಟು ತೆರೆದೇ ಇತ್ತು. ಎಲ್ಲರೂ ಅವಳನ್ನು ದಾಟಿಕೊಂಡು ಒಳಗೆ ಬರುತ್ತಿದ್ದರು, ಅವಳು ಮಾತ್ರ ಬರುತ್ತಿರಲಿಲ್ಲ.

ವಸುಂಧರಾ ಹೊರಗೆ ಹೋಗಿ ತನಗೆ ಬರುವಷ್ಟು ಸ್ವಾಹಿಲಿಯಲ್ಲಿ ಕರೆದಳು. “ಒಳಗೆ ಬನ್ನಿ ಅಮ್ಮ, ಚಳಿ ಇದೆ.”

“ಮ್ವಾಲಿಮು ನನ್ನನ್ನು ಈ ಗೇಟಿನಿಂದ ಹೊರಗೆ ಕಳಿಸಿದ್ದು,” ಎಂದಳು ಅವಳು. ಮ್ವಾಲಿಮು ಎಂದರೆ ಟೀಚರು. “ಬಾ ಅಂತ ಅವರೇ ಹೇಳಬೇಕಿತ್ತು. ಇನ್ನು ಹೇಳುವ ಹಾಗಿಲ್ಲವಲ್ಲ. ನನ್ನ ಮಗಳಿಗೆ ಶಾಲೆಯ ಹಳಬರಿಂದ ಸುದ್ದಿ ಬಂತು. ಇಲ್ಲೇ ನಿಂತು ಹೋಗುತ್ತೇನೆ.”

“ನಿಮ್ಮ ಹೆಸರು?”

“ಅಕಿನ್ಯಿ.”

ಆ ಹೆಸರು ವಸುಂಧರಾಳಿಗೆ ಗೊತ್ತಿತ್ತು.

*

ಮೂರು ವರ್ಷದ ಹಿಂದೆ, ಆಗಸ್ಟಿನ ಚುನಾವಣೆ ಮುಗಿದಾಗ, ವಸುಂಧರಾ ಒಂದು ವರದಿ ಬರೆಯಬೇಕಿತ್ತು. ಈ ಕ್ಷೇತ್ರದಲ್ಲಿ ಯಾರು ಹೋದರು, ಯಾರು ಬಂದರು, ಓಟು ಯಾವ ಕಡೆಯಿಂದ ಯಾವ ಕಡೆಗೆ ಸರಿಯಿತು ಎಂದು. ಲವೀನಾ ಬಾಯಿ ಅವಳನ್ನು ಬೀದಿಬೀದಿ ಸುತ್ತಿಸಿದರು. ತೊಂಬತ್ತೆರಡರಿಂದ ಎರಡು ಸಾವಿರದ ಹದಿಮೂರರವರೆಗೆ ಪ್ರತಿ ಚುನಾವಣೆಯಲ್ಲೂ ಶಾಲೆಯ ಒಂದೇ ಕೋಣೆಯಲ್ಲಿ ಮತಗಟ್ಟೆಯ ಕೆಲಸ ಮಾಡಿದವರು ಅವರು. ಪಟ್ಟಿಯ ಹೆಸರನ್ನು ಗಟ್ಟಿಯಾಗಿ ಓದುವುದು, ಪಾರ್ಟಿಯ ಏಜೆಂಟರು ಕೇಳಿಸಿಕೊಂಡ ಮೇಲೆ ಸ್ಕೇಲಿಟ್ಟು ಗೀಟು ಎಳೆಯುವುದು.

“ಇಲ್ಲೊಂದು ಮನೆಯಲ್ಲಿ ಏಳು ಓಟು ಇತ್ತು, ಪಟೇಲರದ್ದು. ಅಜ್ಜಿ ತೀರಿಕೊಂಡ್ರು, ಮಕ್ಕಳು ಕೆನಡಾಕ್ಕೆ ಹೋದ್ರು. ಈಗ ಅದೇ ಜಾಗದಲ್ಲಿ ಮುನ್ನೂರು ಓಟು ನಿಂತಿದೆ ನೋಡು, ಒಂದರ ಮೇಲೊಂದು,” ಎಂದು ಬೀದಿಯ ಒಂದು ಫ್ಲ್ಯಾಟಿನತ್ತ ಕೈ ತೋರಿಸಿ ನಕ್ಕಿದ್ದರು.

ಸಂಜೆ ವಸುಂಧರಾ ಲ್ಯಾಪ್‌ಟಾಪಿನಲ್ಲಿ ಕೋಷ್ಟಕ ತೋರಿಸಿದಳು. ಎರಡು ಸಾವಿರದ ಏಳರ ನಂತರ ಆ ಮತಗಟ್ಟೆಯಲ್ಲಿ ಕೆಲವು ಬುಡಕಟ್ಟುಗಳ ಹೆಸರುಗಳೇ ಮುಕ್ಕಾಲು ಪಾಲು ಕಾಣೆಯಾಗಿದ್ದವು.

“ಮೊದಲು ನನ್ನ ಲಿಸ್ಟ್ ಓದಿದ್ರೆ ಇಡೀ ಕೆನ್ಯಾ ಓದಿದ ಹಾಗೆ ಇತ್ತು,” ಎಂದರು ಲವೀನಾ ಬಾಯಿ. “ಏಳರ ಓಟಿನ ಮೇಲೆ ಬುಡಕಟ್ಟಿನವರು ಹೊಡೆದಾಡಿಕೊಂಡ್ರಲ್ಲ, ಆ ಗಲಾಟೆಯ ನಂತರ ಎಲ್ಲರೂ ತಮ್ಮ ತಮ್ಮ ಜನ ಇರುವಲ್ಲಿಗೆ ಹೋದ್ರು. ಈಗ ರಸ್ತೆಯ ಈ ಬದಿ ಒಂದು ಪಾರ್ಟಿ, ಆ ಬದಿ ಒಂದು ಪಾರ್ಟಿ. ಎಣಿಸುದೇ ಬೇಡ.” ಆಮೇಲೆ ಪರದೆಯ ಮೇಲೆ ಕಾಣೆಯಾದವರ ಸಂಖ್ಯೆಯ ಕೆಳಗೆ ಬೆರಳಿಟ್ಟರು. “ಈ ಹೋದವರಲ್ಲಿ ನನ್ನ ಅಕಿನ್ಯಿಯೂ ಉಂಟು.”

“ಯಾರು ಆಂಟಿ?”

“ಶಾಲೆಯಲ್ಲಿ ಅಡುಗೆ ಮಾಡ್ತಿದ್ಲು. ಗಂಡ ಇರಲಿಲ್ಲ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ಹನ್ನೊಂದು ವರ್ಷ ಇದ್ಲು. ನನಗೆ ಒಡಹುಟ್ಟಿದವರು ಯಾರೂ ಇಲ್ಲ, ಗೊತ್ತುಂಟಲ್ಲ ನಿನಗೆ. ನಾನು ಓಟಿನ ಪೆಟ್ಟಿಗೆಯ ಒಟ್ಟಿಗೆ ಹೋದವಳು ಎಣಿಕೆಯ ಕೇಂದ್ರದಲ್ಲೇ ಸಿಕ್ಕಿಬಿದ್ದೆ, ರಸ್ತೆಯೆಲ್ಲ ಬಂದ್. ಹೊಸ ವರ್ಷದ ದಿನ ಮನೆ ಸೇರಿದ್ರೆ ಕೋಣೆ ಖಾಲಿ. ಒಂದು ಮಾತು ಹೇಳದೆ ಹೋಗಿದ್ಲು. ಯಾರ್‍ಯಾರ ಹತ್ತಿರವೋ ಎರಡು ಸಲ ಹೇಳಿ ಕಳಿಸಿದೆ, ಉತ್ತರವೇ ಬರಲಿಲ್ಲ. ಬೇಡ ಅಂದವರ ಬಾಗಿಲಿಗೆ ಹೋಗುದು ಹೇಗೆ?”

ಅಲ್ಲೇ ಪತ್ರಿಕೆ ಓದುತ್ತಿದ್ದ ಫ್ರಾನ್ಸಿಸ್ ಎದ್ದು ಒಳಗೆ ಹೋಗಿದ್ದರು.

“ಹದಿಮೂರರಲ್ಲಿ ಹೊಸ ಪಟ್ಟಿ ಬಂತು. ಮುಂಜಾನೆ ಜನ ಬರುವ ಮೊದಲೇ ಹುಡುಕಿದೆ. ಅವಳ ಹೆಸರಿಲ್ಲ. ಹದಿನೇಳರಲ್ಲಿ ನನಗೆ ಡ್ಯೂಟಿ ಇರಲಿಲ್ಲ. ಆದ್ರೂ ಓಟು ಹಾಕಿ ಸಂಜೆಯವರೆಗೆ ಶಾಲೆಯ ಜಗಲಿಯಲ್ಲಿ ಕೂತೆ. ಬಂದ್ರೂ ಬಂದಾಳು ಅಂತ.”

*

ವಸುಂಧರಾ ಗೇಟಿನಿಂದ ಒಳಗೆ ಬಂದು ಫ್ರಾನ್ಸಿಸರ ಕುರ್ಚಿಯ ಪಕ್ಕ ಬಗ್ಗಿದಳು.

“ಅಂಕಲ್, ಗೇಟ್ ಹತ್ರ ಅಕಿನ್ಯಿ ಬಂದಿದಾರೆ.”

ಅವರು ಹೆಂಡತಿಯ ಪಾದಗಳನ್ನೇ ನೋಡುತ್ತಿದ್ದರು.

“ಆಂಟಿನೇ ಹೊರಗೆ ಹೋಗು ಅಂದ್ರು ಅಂತಿದಾರೆ. ಅವರಿಗೆ ಏನೋ ತಪ್ಪು ತಿಳುವಳಿಕೆ ಆಗಿದೆ.”

“ತಪ್ಪಲ್ಲ,” ಎಂದರು ಫ್ರಾನ್ಸಿಸ್. “ನಾನು ಹಾಗೆ ಹೇಳಿದ್ದು.”

“ಏನ್ ಹೇಳಿದ್ರಿ?”

“ಲವೀನಾ ಫೋನ್ ಮಾಡಿದ್ಲು, ನೀನು ಹೋಗಬೇಕಂತೆ, ಅಂತ. ಲವೀನಾ ಬಂದ ಮೇಲೆ ಅವಳಿಗೆ, ಅಕಿನ್ಯಿ ಹೇಳದೆ ಹೋದ್ಲು ಅಂದೆ.”

“ಆಂಟಿಗೆ ಕೊನೇವರ್ಗೂ ಗೊತ್ತಿರ್ಲಿಲ್ವಾ?”

“ಇಲ್ಲ.”

“ಯಾಕೆ ಹೇಳ್ಲಿಲ್ಲ ಅಂಕಲ್?”

“ಮೊದಲ ದಿನವೇ ಹೇಳಬೇಕಿತ್ತು. ಆ ದಿನ ಹೇಳದ್ದನ್ನು ಆಮೇಲೆ ಯಾವ ದಿನ ಹೇಳುದು ಮಾರಾಯ್ತಿ? ಆಸ್ಪತ್ರೆಯಲ್ಲಿ ಹೇಳುವಾಂತ ಇದ್ದೆ. ಅವಳು ನನ್ನ ಕೈ ಹಿಡ್ಕೊಂಡು, ನೀವು ಒಳ್ಳೆಯವರು ಫ್ರಾನ್ಸಿಸ್, ಅಂದ್ಲು.”

*

ಎರಡು ಸಾವಿರದ ಏಳರ ಡಿಸೆಂಬರಿನ ಮೂವತ್ತರ ಸಂಜೆ ಇಬ್ಬರು ಯುವಕರು ಗೇಟಿಗೆ ಬಂದಿದ್ದರು. ಮರ್ಯಾದೆಯಾಗಿಯೇ ಮಾತನಾಡಿದರು. ಹಿಂದಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದರು ಫ್ರಾನ್ಸಿಸ್. ನಾಳೆ ಬಂದು ನೋಡುತ್ತೇವೆ ಎಂದು ಅವರು ಹೋದರು. ಬೀದಿಯ ಕೊನೆಯಲ್ಲಿ ಹೊಗೆ ಏಳುತ್ತಿತ್ತು.

ಬೆಳಗ್ಗೆ ಫ್ರಾನ್ಸಿಸ್ ಹಿಂದಿನ ಕೋಣೆಗೆ ಹೋದರು. ಅಕಿನ್ಯಿ ಮಗಳ ಜಡೆ ಹೆಣೆಯುತ್ತಿದ್ದಳು. ನೀನು ಹೋಗು ಎಂದು ತನ್ನ ಬಾಯಿಂದ ಹೇಳಲು ಅವರಿಗೆ ಧೈರ್ಯ ಬರಲಿಲ್ಲ. ಹೆಂಡತಿಯ ಹೆಸರು ಹೇಳಿದರು.

“ಮ್ವಾಲಿಮು ಹಾಗೆ ಹೇಳಿದರಾ?” ಎಂದು ಅವಳು ಒಂದೇ ಸಲ ಕೇಳಿದ್ದು.

“ಹೌದು.”

ಅವಳು ಜಡೆಯನ್ನು ಪೂರ್ತಿ ಹೆಣೆದಳು. ಹಾಸಿಗೆಯನ್ನು ಸುತ್ತಿ ತಲೆಯ ಮೇಲಿಟ್ಟುಕೊಂಡು, ಎರಡೂ ಮಕ್ಕಳನ್ನು ಮುಂದೆ ಬಿಟ್ಟುಕೊಂಡು ನಡೆದಳು. ಮಧ್ಯಾಹ್ನ ಆ ಯುವಕರು ಮತ್ತೆ ಬಂದರು, ಇನ್ನೂ ಹತ್ತು ಜನರೊಂದಿಗೆ. ಖಾಲಿ ಕೋಣೆ ನೋಡಿ ಹೋದರು. ಅವಳು ಇದ್ದಿದ್ದರೆ ಏನಾಗುತ್ತಿತ್ತು ಎಂದು ಫ್ರಾನ್ಸಿಸ್ ಆಮೇಲೆ ಎಷ್ಟೋ ಸಲ ತಮಗೆ ತಾವೇ ಸಮಾಧಾನ ಹೇಳಿಕೊಂಡದ್ದುಂಟು. ಆದರೆ ಆ ಬೆಳಗ್ಗೆ ತಾವು ಹೆದರಿದ್ದು ಅವಳಿಗಾಗಿ ಅಲ್ಲ, ತಮ್ಮ ಮನೆಗಾಗಿ ಎಂಬುದು ಅವರಿಗೆ ಗೊತ್ತಿತ್ತು.

*

“ಡ್ಯಾಡಿ, ಇಟ್ಸ್ ಟೈಮ್. ಫಾದರ್ ಈಸ್ ವೇಟಿಂಗ್,” ಎಂದಳು ಸ್ವೀಡಲ್.

ಫ್ರಾನ್ಸಿಸ್ ಎದ್ದರು. ಪೆಟ್ಟಿಗೆಯ ಕಡೆಗಲ್ಲ, ಬಾಗಿಲ ಕಡೆಗೆ ನಡೆದರು. ವಸುಂಧರಾ ಮೆಟ್ಟಿಲವರೆಗೆ ಹಿಂದೆ ಬಂದು ನಿಂತಳು. ಅವರು ಗೇಟಿಗೆ ಹೋದದ್ದು, ಅಕಿನ್ಯಿ ತಲೆಬಾಗಿ ‘ಪೋಲೆ’ ಎಂದದ್ದು, ಅವರು ಕೈಯೆತ್ತಿ ಅದನ್ನು ತಡೆದದ್ದು ಕಂಡಿತು.

“ಲವೀನಾ ನಿನ್ನನ್ನು ಕಳಿಸಲಿಲ್ಲ,” ಎಂದರು ಫ್ರಾನ್ಸಿಸ್ ಸ್ವಾಹಿಲಿಯಲ್ಲಿ. “ಅವಳು ಫೋನು ಮಾಡಿರಲಿಲ್ಲ. ನಾನು ಸುಳ್ಳು ಹೇಳಿದೆ. ನೀನು ಹೇಳದೆ ಹೋದೆ ಅಂತ ಅವಳಿಗೂ ಸುಳ್ಳು ಹೇಳಿದೆ. ಸಾಯುವವರೆಗೂ ಅವಳು ಹಾಗೇ ನಂಬಿದ್ದಳು.”

ಅಕಿನ್ಯಿ ಅವರ ಬಾಯನ್ನೇ ನೋಡುತ್ತಿದ್ದಳು, ಕಿವುಡರು ನೋಡುವ ಹಾಗೆ.

“ಮ್ವಾಲಿಮು ಎರಡು ಸಲ ಹೇಳಿ ಕಳಿಸಿದರು,” ಎಂದಳು ಕೊನೆಗೆ. “ಮನೆಯಿಂದ ಹೊರಗೆ ಹಾಕಿ ಈಗ ಯಾಕೆ ಕರೆಯುತ್ತಾರೆ ಅಂತ ನಾನು ಉತ್ತರ ಕೊಡಲಿಲ್ಲ.” ಉಸಿರೆಳೆದುಕೊಂಡಳು. “ಇಲ್ಲಿಂದ ಹೋಗಿ ಸೇರಿದ ಕಸರಾನಿಯಲ್ಲಿ ಓಟು ಹಾಕಲು ಸಾಲಿನಲ್ಲಿ ನಿಂತಾಗಲೆಲ್ಲ ಅವರನ್ನು ಬೈದಿದ್ದೇನೆ. ನಾನಿಲ್ಲಿ ನಮ್ಮವರ ಸಾಲಿನಲ್ಲಿ ನಿಂತಿದ್ದೇನೆ, ನೋಡಿ ಮ್ವಾಲಿಮು, ನಿಮಗೆ ಬೇಕಾಗಿದ್ದು ಇದೇ ತಾನೆ, ಅಂತ. ಮಕ್ಕಳಿಗೂ ಬೈಯಲು ಕಲಿಸಿದೆ.”

“ನನ್ನನ್ನು ಕ್ಷಮಿಸು ಅನ್ನುವುದಿಲ್ಲ,” ಎಂದರು ಫ್ರಾನ್ಸಿಸ್.

“ಅನ್ನಬೇಡಿ.”

ಅವಳು ಅವರನ್ನು ದಾಟಿ ಅಂಗಳಕ್ಕೆ ಬಂದಳು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು. ಅವಳನ್ನು ಕಂಡ ಸ್ವೀಡಲ್ ಗುರುತು ಹತ್ತಿ ಬಾಯಿಗೆ ಕೈ ಅಡ್ಡ ಹಿಡಿದಳು. ಇಬ್ಬರು ಗಂಡಸರು ಆಗಲೇ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದಿದ್ದರು.

ಅಕಿನ್ಯಿ ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಲವೀನಾ ಬಾಯಿಯ ಕೈಗೆ ಜಪಸರ ಸುತ್ತಿದ್ದರು. ಅವಳು ಆ ಕೈಯನ್ನು ಮುಟ್ಟಿ ಬೆಚ್ಚಿದಳು. ಆಮೇಲೆ ಅದನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದಳು, ಚಳಿಯಲ್ಲಿ ದೂರದಿಂದ ನಡೆದು ಬಂದವರ ಕೈಯನ್ನು ಬೆಚ್ಚಗೆ ಮಾಡುವ ಹಾಗೆ. ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. ಬಾಯಿಯ ಬಳಿ ತಂದು ಊದಿದಳು. ಮತ್ತೆ ಉಜ್ಜಿದಳು.

ಮುಚ್ಚಳ ಹಿಡಿದವರು ಫ್ರಾನ್ಸಿಸರ ಮುಖ ನೋಡಿದರು. ಹೊಸ್ತಿಲಲ್ಲಿ ನಿಂತಿದ್ದ ಅವರು ಅಕಿನ್ಯಿಯ ಕೈಗಳನ್ನೇ ನೋಡುತ್ತಿದ್ದರು. ಹೊರಗೆ ವ್ಯಾನಿನವನು ಒಮ್ಮೆ ಹಾರ್ನ್ ಮಾಡಿ ಸುಮ್ಮನಾದ. ಅಕಿನ್ಯಿ ಎಡಗೈಯನ್ನು ಮೆಲ್ಲಗೆ ಕೆಳಗಿಟ್ಟು, ಬಲಗೈಯನ್ನು ಎತ್ತಿಕೊಂಡಳು.