ಗೋಡೆಯಾಚೆಯ ಮಣ್ಣು

“ಏ ಮುದುಕಿ, ಕಿವಿ ಕೇಳಲ್ವಾ? ಹೆಣ ಅಗೆಯೋದು ಬಿಟ್ಟು ಲಾರಿ ಹತ್ತೇ!”

ಸರ್ಕಾರದ ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ನಮ್ಮತ್ತೆ ತಲೆ ಎತ್ತಲಿಲ್ಲ. ಗುಂಡಿಯಲ್ಲಿ ಕೂತು ಒದ್ದೆ ಮರಳನ್ನು ಬಾಚಿ ಬಾಚಿ ಹೊರಗೆ ಹಾಕುತ್ತಿದ್ದಳು. ಒಳಗಿದ್ದವನು ಅವಳ ಮಗ, ನನ್ನ ಗಂಡ. ದೋಣಿ ಮಗುಚಿ ಸತ್ತವನು.

“ಬೆಳಗಿಂದ ‘ಅವ್ವಾ ಚಳಿ, ಅವ್ವಾ ಚಳಿ’ ಅಂತಾನೆ ಕಣೇ,” ಎಂದಳು ನನಗೆ. ಸುಳ್ಳು ಯಾಕೆ ಹೇಳಲಿ, ನನಗೂ ಕೇಳಿಸಿತ್ತು. ಅವನದೇ ದನಿ.

ನಮ್ಮವರನ್ನು ಊರ ಸ್ಮಶಾನದೊಳಗೆ ಯಾವ ಕಾಲಕ್ಕೂ ಬಿಟ್ಟಿಲ್ಲ. ನಮ್ಮ ಹೆಣಗಳಿಗೆ ಈ ಮರಳೇ ಗತಿ. ಕಡಲು ಒಳಗೆ ನುಗ್ಗಿದಾಗಲೆಲ್ಲ ಮೊದಲು ಸತ್ತವರನ್ನು ಎಬ್ಬಿಸಿ ಹಿಂದಕ್ಕೆ ಒಯ್ಯುತ್ತೇವೆ, ಆಮೇಲೆ ಗುಡಿಸಲು ಕೀಳುತ್ತೇವೆ. ಇವನನ್ನು ಆಗಲೇ ಎರಡು ಸಲ ಎಬ್ಬಿಸಿದ್ದೆವು. ಈಗ ಹಿಂದೆ ಸರಿಯಲು ಜಾಗವಿಲ್ಲ, ಬೆನ್ನಿಗೆ ಊರ ಧಣಿಯ ಹೋಟೆಲಿನ ಗೋಡೆ. ಅವನ ಕಡೆಯ ದಂಡೆಗೆ ಸರ್ಕಾರ ಬಂಡೆ ಸುರಿದಿದೆ. ಅಲ್ಲಿಂದ ತಿರುಗಿದ ಅಲೆ ನಮ್ಮ ಕೇರಿಗೆ ಬಡಿಯುತ್ತದೆ. ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ!

“ಸಿಮೆಂಟಿನ ಮನೆ ಕಾಯ್ತಾ ಇದೆ ಕಣಮ್ಮ,” ಸಾಹೇಬ ನನ್ನತ್ತ ತಿರುಗಿದ. “ಇಲ್ಲೇ ಸಾಯೋಕೆ ಯಾಕಿಷ್ಟು ಹಟ?”

“ನನ್ ತಂಗಿ ಹೋಗಿದ್ಲಲ್ಲ ಸಾರ್ ನಿಮ್ ಸಿಮೆಂಟು ಮನೆಗೆ. ಮೀನಿನ ನಾತ ಅಂತ ಅಕ್ಕಪಕ್ಕದೋರು ಬಾಗಿಲಿಗೆ ಹೇಲು ಬಳಿದ್ರು. ಓಡಿ ಬಂದ್ಲು. ಅಲ್ಲಿ ಕಡಲೂ ಇಲ್ಲ, ಕೂಲೀನೂ ಇಲ್ಲ.”

ಅತ್ತೆ ಆಗ ತಲೆ ಎತ್ತಿದಳು. “ನನ್ ಮಗಂಗೆ ಅಲ್ಲಿ ಜಾಗ ಕೊಡ್ತೀಯೇನಪ್ಪ?”

“ಸತ್ತೋರಿಗೆಲ್ಲ ಎಲ್ಲಿಂದ ತರ್ಲಿ?”

“ಹಂಗಾದ್ರೆ ನೀನೇ ಹತ್ತು, ಹೋಗು.”

ಸಾಹೇಬ ಉರಿದುಕೊಂಡು ಹೋಗಿ ಲಾರಿಯಲ್ಲಿ ಕೂತ. ನಾನು ಸೆರಗು ಕಚ್ಚಿಕೊಂಡು ನಕ್ಕೆ. ಅಷ್ಟರಲ್ಲಿ ಅತ್ತೆಯ ಕೈಗೆ ನನ್ನ ಗಂಡನ ತಲೆ ಸಿಕ್ಕಿತು. ಸೆರಗು ಬಿಟ್ಟು ನಾನೂ ಗುಂಡಿಗಿಳಿದೆ. ಸಿಕ್ಕಿದ್ದನ್ನೆಲ್ಲ ಹಳೆಯ ಸೀರೆಯಲ್ಲಿ ಕಟ್ಟಿದೆವು.

ಹೋದ ವಾರದ ಅಲೆಗೆ ಹೋಟೆಲಿನ ಗೋಡೆಯ ಮೂಲೆ ಕುಸಿದಿತ್ತು. ಅತ್ತೆ ಗಂಟನ್ನು ಎದೆಗೊತ್ತಿಕೊಂಡು ಆ ಸಂದಿನಿಂದ ಸೀದಾ ಒಳಗೆ ನುಗ್ಗಿದಳು. ನಾನು ಹಾರೆ ಹಿಡಿದು ಹಿಂದೆ ಹೋದೆ. ಒಳಗೆ ಸಮನಾಗಿ ಕತ್ತರಿಸಿದ ಹಸಿರು ಹುಲ್ಲುಹಾಸು. ಅದರ ನಟ್ಟನಡುವೆ ಹಾರೆ ಹಾಕಿದೆ.

ಧಣಿ ಓಡೋಡಿ ಬಂದ. “ಬೋಳಿ ಮುಂಡೇರಾ! ಇದೇನು ನಿಮ್ಮಪ್ಪನ ಜಾಗಾನಾ? ಲೋ, ಎತ್ತಿ ಬಿಸಾಕ್ರೋ ಅದನ್ನ!”

ಕಾವಲಿನವನು ದೊಣ್ಣೆ ಬೀಸುತ್ತ ಬಂದ. ಗಂಟು ಸಡಿಲಿ ಕಾಲಿನ ಮೂಳೆ ಹೊರಗೆ ಚಾಚಿತ್ತು. ಅವನು ಅಲ್ಲೇ ನಿಂತ. “ನಾನ್ ಮುಟ್ಟಲ್ಲ ಧಣಿ. ಆ ಕೇರಿ ಹೆಣ ಅದು.”

ಮಾಲಿಯೂ ಕೈ ಹಿಂದಕ್ಕೆ ಕಟ್ಟಿಕೊಂಡ. ಸಾಹೇಬ ಲಾರಿಯಿಂದ ಇಳಿಯಲೇ ಇಲ್ಲ.

“ನೀವೇ ಎತ್ತಿ ಧಣಿ,” ಎಂದೆ. “ಬನ್ನಿ, ಮುಟ್ಟಿ.”

ಧಣಿ ಒಂದು ಹೆಜ್ಜೆ ಹಿಂದೆ ಸರಿದ. ಅವನು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಬೆನ್ನ ಹಿಂದೆ ನೋಡುತ್ತಿದ್ದ. ತಿರುಗಿದೆ. ಕುಸಿದ ಗೋಡೆ ದಾಟಿ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಎಲ್ಲರ ಕಂಕುಳಲ್ಲೂ ಒಂದೊಂದು ಗಂಟಿತ್ತು.